ಕೊಬ್ಬರಿ ಎಣ್ಣೆ ಯಾವ ಸಾಲಿನಲ್ಲಿ? ತಂತ್ರಾಂಶಗಳನ್ನು ವಿಂಗಡಿಸುವ ಕೆಲಸದ ಬಗ್ಗೆ

ಕನ್ನಡಕ್ಕೆ ಸಂಬಂಧಿಸಿದ ಮುಕ್ತ ತಂತ್ರಾಂಶಗಳನ್ನೆಲ್ಲ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದವು) ಒಂದೇ ಕಡೆ ಪಟ್ಟಿ ಮಾಡಲು ಹೊರಟ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ.

ಸೂಪರ್‌ಮಾರ್ಕೆಟ್‌ಗೆ ಹೋದರೆ ಕೊಬ್ಬರಿ ಎಣ್ಣೆಯನ್ನು ಎಲ್ಲಿ ಹುಡುಕುತ್ತೀರಿ? ಕೈ ಎತ್ತಿ ನೋಡೋಣ. ಅಡುಗೆ ಎಣ್ಣೆಯ ಸಾಲಿನಲ್ಲಿ ಅನ್ನುವವರು? ಸರಿ, ಉಡುಪಿ, ಮಂಗಳೂರು ಕಡೆಯವರು ಇದ್ದೀರಿ ಅಂತಾಯಿತು. ಶಾಂಪೂ, ಬಾಚಣಿಗೆ ಇರುವ ಕಡೆ ಅನ್ನುವವರು? ಇವರೇ ಜಾಸ್ತಿ. ಎರಡೂ ಸರಿ. ಬಾಟಲಿ ಅದೇ, ಒಳಗಿನ ಎಣ್ಣೆಯೂ ಅದೇ. ಕೊಳ್ಳಲು ಬಂದವರು ಬೇರೆ.

ನಗಬೇಡಿ, ಇದೇ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಸಣ್ಣ ಪ್ಯಾಕ್‌ಗಳಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆ ತಿನ್ನುವ ಎಣ್ಣೆಯೋ ತಲೆಗೆ ಹಚ್ಚುವ ಎಣ್ಣೆಯೋ ಅಂತ. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿನ ತೀರ್ಪು ಕೊಟ್ಟರು. 2024ರ ಡಿಸೆಂಬರ್‌ನಲ್ಲಿ ಮೂವರ ಪೀಠ ಅದನ್ನು ಬಗೆಹರಿಸಿತು. ಪ್ಯಾಕ್ ಸಣ್ಣದು ಅನ್ನುವ ಒಂದೇ ಕಾರಣಕ್ಕೆ ಅದು ಕೂದಲೆಣ್ಣೆ ಆಗುವುದಿಲ್ಲ, ಕೂದಲೆಣ್ಣೆ ಅಂತಲೇ ಮಾರುತ್ತಿದ್ದರೆ ಮಾತ್ರ ಕೂದಲೆಣ್ಣೆ ಅಂದಿತು. ಇಷ್ಟು ವರ್ಷ ಯಾಕೆ ಗುದ್ದಾಡಿದರು? ತೆರಿಗೆಗಾಗಿ. ಜಗಳ ಶುರುವಾದದ್ದು ಜಿಎಸ್‌ಟಿಗೂ ಮೊದಲಿನ ಕೇಂದ್ರ ಅಬಕಾರಿ ಸುಂಕದ ಮೇಲೆ. ತೀರ್ಪು ಬಂದಾಗಿನ ಜಿಎಸ್‌ಟಿ ಲೆಕ್ಕದಲ್ಲಿ ತಿನ್ನುವ ಎಣ್ಣೆಗೆ ಶೇ 5, ಕೂದಲೆಣ್ಣೆಗೆ ಶೇ 18.

ಈ ಕತೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಹುಡುಕುವವರಿಗೆ ಸಿಗುವ ಹಾಗೆ ಇಡುವುದು. ಇನ್ನೊಂದು, ಅದರ ಮೇಲೆ ಯಾವ ನಿಯಮ ಬೀಳುತ್ತದೆ ಅಂತ ತೀರ್ಮಾನಿಸುವುದು. ತಂತ್ರಾಂಶ ಸಂಗ್ರಹಗಳಲ್ಲಿ ಈ ಎರಡೂ ಕಲಸಿಹೋಗುತ್ತವೆ. ಮೂರನೆಯದೂ ಒಂದು ಸೇರಿಕೊಳ್ಳುತ್ತದೆ, ಅದು ಕಡತವನ್ನು ಡಿಸ್ಕಿನ ಯಾವ ಫೋಲ್ಡರ್‌ನಲ್ಲಿ ಇಡಬೇಕು ಅನ್ನುವುದು. ಈ ಮೂರನ್ನೂ ಒಂದೇ ಪಟ್ಟಿಯಿಂದ ಮಾಡಿಸಲು ಹೋದಾಗ ಏನೇನಾಯಿತು ಅಂತ ಇವತ್ತು ಹೇಳುತ್ತೇನೆ.

ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರುವ ಡೆಬಿಯನ್‌ನಿಂದ ಶುರು ಮಾಡೋಣ. ಅದು ಲಿನಕ್ಸ್ ಕಂಪ್ಯೂಟರ್‌ಗಳಿಗೆ ಬೇಕಾದ ಮುಕ್ತ ತಂತ್ರಾಂಶಗಳ ಸಂಗ್ರಹ. ಇನ್‌ಸ್ಟಾಲ್ ಮಾಡಲು ಕಟ್ಟಿಟ್ಟ ಒಂದೊಂದು ತಂತ್ರಾಂಶದ ಕಟ್ಟಿಗೆ ಪ್ಯಾಕೇಜ್ ಅನ್ನುತ್ತಾರೆ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಈ ಸಂಗ್ರಹದಲ್ಲಿ ಈಗ 60 ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ಪ್ರತಿ ಪ್ಯಾಕೇಜ್‌ಗೂ ಒಂದು ವಿಭಾಗ ಇರುತ್ತದೆ. ಒಂದು, ಒಂದೇ. ಎಡಿಟರ್ಸ್, ಗೇಮ್ಸ್, ಗ್ರಾಫಿಕ್ಸ್, ಮೇಲ್, ಮ್ಯಾಥ್, ಸೌಂಡ್, ವೆಬ್, ಹೀಗೆ 50ಕ್ಕೂ ಹೆಚ್ಚು ವಿಭಾಗಗಳು. ಪ್ಯಾಕೇಜ್ ಮಾಡುವವರು ತಮಗೆ ಸರಿ ಅನಿಸಿದ್ದನ್ನು ಬರೆಯುತ್ತಾರೆ. ಕೊನೆಯ ಮಾತು ಎಫ್‌ಟಿಪಿ ಮಾಸ್ಟರ್ ಅಂತ ಕರೆಸಿಕೊಳ್ಳುವ ಚಿಕ್ಕ ತಂಡದ್ದು. ಅವರ ಹತ್ತಿರ ಓವರ್‌ರೈಡ್ ಅನ್ನುವ ಪಟ್ಟಿ ಇದೆ. ನೀವು ಬರೆದದ್ದಕ್ಕೂ ಅವರ ಪಟ್ಟಿಗೂ ತಾಳೆ ಆಗದಿದ್ದರೆ ನಿಮಗೊಂದು ಮೇಲ್ ಬರುತ್ತದೆ, ಪಟ್ಟಿಯಲ್ಲಿರುವುದೇ ಉಳಿಯುತ್ತದೆ.

ಕೇಳಲು ಅಚ್ಚುಕಟ್ಟಾಗಿದೆ. ಈಗ ಒಂದು ಪಿಡಿಎಫ್ ಓದಬೇಕು ಅಂದುಕೊಳ್ಳಿ, ಯಾವ ವಿಭಾಗಕ್ಕೆ ಹೋಗುತ್ತೀರಿ? ಎಕ್ಸ್‌ಪಿಡಿಎಫ್ ಇರುವುದು ಟೆಕ್ಸ್ಟ್ ವಿಭಾಗದಲ್ಲಿ. ಎವಿನ್ಸ್ ಇರುವುದು ಗ್ನೋಮ್‌ನಲ್ಲಿ. ಒಕ್ಯುಲರ್ ಇರುವುದು ಕೆಡಿಇಯಲ್ಲಿ. ಮೂರೂ ಮಾಡುವುದು ಒಂದೇ ಕೆಲಸ, ಇರುವುದು ಮೂರು ಮನೆಯಲ್ಲಿ. ಯಾಕೆಂದರೆ ಟೆಕ್ಸ್ಟ್ ಅನ್ನುವುದು ಕೆಲಸದ ಹೆಸರು, ಗ್ನೋಮ್ ಮತ್ತು ಕೆಡಿಇ ಕುಟುಂಬದ ಹೆಸರು, ಕಿಟಕಿ, ಮೆನು, ಆಪ್ ಎಲ್ಲ ಒಟ್ಟಿಗೆ ಕೊಡುವ ಎರಡು ಡೆಸ್ಕ್‌ಟಾಪ್‌ಗಳು. ಹಣ್ಣು, ತರಕಾರಿ, ಮೈಸೂರು ಅಂತ ಮೂರು ಬುಟ್ಟಿ ಇಟ್ಟ ಹಾಗೆ. ಮೈಸೂರಿನ ರಸಬಾಳೆಯನ್ನು ಯಾವ ಬುಟ್ಟಿಗೆ ಹಾಕುತ್ತೀರಿ?

ಇನ್ನೊಂದು ನೋಡಿ. ಡೆಬಿಯನ್‌ನಲ್ಲಿ ಆಫೀಸ್ ಅನ್ನುವ ವಿಭಾಗವೇ ಇಲ್ಲ. ಹಾಗಾಗಿ ಲಿಬ್ರೆಆಫೀಸ್ ಎಡಿಟರ್ಸ್‌ನಲ್ಲಿ, ಕೋಡ್ ಬರೆಯುವವರು ಬಳಸುವ ವಿಮ್ ಮತ್ತು ಈಮ್ಯಾಕ್ಸ್ ಪಕ್ಕದಲ್ಲಿ ಕೂತಿದೆ. ನ್ಯೂಸ್ ಅಂತ ಒಂದು ವಿಭಾಗ ಇದೆ, ಸುದ್ದಿ ಓದುವ ಆಪ್ ಇರಬಹುದು ಅಂತ ಹೋದರೆ ಅದು ಯೂಸ್‌ನೆಟ್ ಅನ್ನುವ ಹಳೆಯ ಚರ್ಚಾ ಜಾಲದ ಕಾಲದ್ದು. ಇಲ್ಲಿ ಕೂತಿರುವ ಅರ್ಧ ಜನ ಹುಟ್ಟುವ ಮೊದಲಿನ ಮಾತು ಅದು. ಹಸುವಿನ ಚಿತ್ರ ಬರೆದು ಅದರ ಬಾಯಲ್ಲಿ ನೀವು ಕೊಟ್ಟ ಸಾಲನ್ನು ಹೇಳಿಸುವ ಕೌಸೇ ಗೇಮ್ಸ್‌ನಲ್ಲಿದೆ. ಅದರಲ್ಲಿ ಆಡಲು ಏನೂ ಇಲ್ಲ. ತಮಾಷೆಗೆ ಅಂತ ಬೇರೆ ಕೋಣೆ ಇಲ್ಲ, ಅದಕ್ಕೇ ಅಲ್ಲಿದೆ. ಇದಕ್ಕೆ ನನ್ನ ತಕರಾರಿಲ್ಲ ಬಿಡಿ. ಸಿಗಬೇಕಾದವರಿಗೆ ಅದು ಹೇಗೂ ಸಿಗುತ್ತದೆ.

ಇದನ್ನೆಲ್ಲ ಆಡಿಕೊಳ್ಳಲು ಹೇಳುತ್ತಿಲ್ಲ. ನಾನೂ ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದೇನೆ, ಆಮೇಲೆ ಹೇಳುತ್ತೇನೆ. ಒಂದು ವಸ್ತುವಿಗೆ ಒಂದೇ ಜಾಗ ಅಂದಾಗ ಈ ಪಜೀತಿ ತಪ್ಪಿದ್ದಲ್ಲ, ಅಷ್ಟೇ.

ಹಾಗಾದರೆ ಒಂದೇ ವಿಭಾಗ ಅಂತ ಯಾಕೆ ಮಾಡಿದರು? ಮೊದಲು ಆ ವಿಭಾಗವೇ ಫೋಲ್ಡರ್ ಆಗಿತ್ತು. 90ರ ದಶಕದಲ್ಲಿ ಡೆಬಿಯನ್ ಸರ್ವರ್ ಒಳಗೆ ಹೋದರೆ ಎಡಿಟರ್ಸ್ ಅನ್ನುವ ಫೋಲ್ಡರ್‌ನಲ್ಲಿ ಎಡಿಟರ್‌ಗಳ ಕಡತಗಳು ನಿಜವಾಗಿ ಇರುತ್ತಿದ್ದವು. ಹುಡುಕಾಟ ಅಂತ ಏನೂ ಇಲ್ಲದ ಕಾಲ, ಫೋಲ್ಡರ್ ತೆರೆದು ಕಣ್ಣಾಡಿಸುವುದೇ ಹುಡುಕಾಟ. ಒಂದು ಪ್ಯಾಕೇಜಿನ ವಿಭಾಗ ಬದಲಾಯಿತು ಅಂದರೆ ಕಡತವೇ ಜಾಗ ಬದಲಿಸಬೇಕು, ಅದರ ನಕಲು ಇಟ್ಟುಕೊಂಡಿರುವ ಜಗತ್ತಿನ ಎಲ್ಲ ಮಿರರ್ ಸರ್ವರ್‌ಗಳೂ ಅದನ್ನು ಮತ್ತೆ ಇಳಿಸಿಕೊಳ್ಳಬೇಕು.

2000ದ ಕೊನೆಯಲ್ಲಿ ಡೆಬಿಯನ್ ಇದನ್ನು ಬಿಟ್ಟುಕೊಟ್ಟಿತು. ಪೂಲ್ ಅನ್ನುವ ಹೊಸ ಏರ್ಪಾಡು ಬಂತು. ಕಡತ ಎಲ್ಲಿರಬೇಕು ಅನ್ನುವುದನ್ನು ಈಗ ಹೆಸರಿನ ಮೊದಲ ಅಕ್ಷರ ಹೇಳುತ್ತದೆ. ವಿಮ್ ಇರುವುದು 'ವಿ' ಫೋಲ್ಡರ್‌ನಲ್ಲಿ. ಲೈಬ್ರರಿಗಳ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಕೋಡಿನ ತುಣುಕುಗಳು) ಹೆಸರೆಲ್ಲ 'ಲಿಬ್' ಅಂತಲೇ ಶುರುವಾಗುವುದರಿಂದ 'ಎಲ್' ಪೆಟ್ಟಿಗೆ ಬಿರಿದುಹೋಗುತ್ತಿತ್ತು, ಹಾಗಾಗಿ ಅವಕ್ಕೆ ಮಾತ್ರ 'ಲಿಬ್' ಆದಮೇಲಿನ ಅಕ್ಷರವನ್ನೂ ನೋಡುತ್ತಾರೆ. ವಿಭಾಗ ಹೋಗಲಿಲ್ಲ, ಪ್ಯಾಕೇಜಿನ ಮಾಹಿತಿಯಲ್ಲಿ ಒಂದು ಸಾಲಾಗಿ ಉಳಿಯಿತು. ಅದನ್ನು ಬದಲಿಸಿದರೆ ಕಡತ ಅಲುಗಾಡುವುದಿಲ್ಲ. ವಿಳಾಸ ಬೇರೆ, ಚೀಟಿ ಬೇರೆ ಆಯಿತು. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಆದ ಅತಿ ಮುಖ್ಯ ಬದಲಾವಣೆ ಇದೇ, ಸದ್ದಿಲ್ಲದೆ ಆದದ್ದು.

ಫ್ರೀಬಿಎಸ್‌ಡಿ ಅನ್ನುವ ಇನ್ನೊಂದು ಮುಕ್ತ ಆಪರೇಟಿಂಗ್ ಸಿಸ್ಟಂನವರು ಬೇರೆ ದಾರಿ ಹಿಡಿದರು. ಅವರ ಪೋರ್ಟ್ಸ್ ಸಂಗ್ರಹ 1994ರಿಂದ ಇದೆ. ಅಲ್ಲಿ ಒಂದು ಪೋರ್ಟ್‌ಗೆ, ಅಂದರೆ ಒಂದು ತಂತ್ರಾಂಶಕ್ಕೆ, ಹಲವು ವರ್ಗ ಬರೆಯಬಹುದು. ಆದರೆ ಮೊದಲನೆಯದು ನಿಜವಾದ ಫೋಲ್ಡರ್ ಆಗಿರಬೇಕು. ಉಳಿದವು ಬರೀ ಹೆಸರಿಗೆ ಇರುವ ವರ್ಗಗಳೂ ಆಗಬಹುದು, ಅವಕ್ಕೆ ಫೋಲ್ಡರ್ ಇರುವುದಿಲ್ಲ. ಕೆಡಿಇ, ಗ್ನೋಮ್, ಪೈಥಾನ್ ಎಲ್ಲ ಹೀಗೆ ಹೆಸರಿಗೆ ಮಾತ್ರ ಇರುವವು. ಅಂದರೆ ಕುಟುಂಬದ ಹೆಸರಿಗೂ ಕೆಲಸದ ಹೆಸರಿಗೂ ಇರುವ ವ್ಯತ್ಯಾಸ ಅವರಿಗೆ ಹೊಳೆದಿತ್ತು. ಆದರೂ ಮೊದಲನೆಯದು ಫೋಲ್ಡರ್ ಆಗಿಯೇ ಉಳಿದದ್ದರಿಂದ ಜಾಗ ಬದಲಿಸುವ ಕಷ್ಟ ಉಳಿಯಿತು. ಕೋಡಿನ ಬದಲಾವಣೆಗಳ ದಾಖಲೆ ಇಡಲು ಸಿವಿಎಸ್ ಅನ್ನುವ ಹಳೆಯ ಟೂಲ್ ಬಳಸುತ್ತಿದ್ದ ಕಾಲದಲ್ಲಂತೂ ಹಳೆಯ ಇತಿಹಾಸದ ಸಮೇತ ಒಂದು ಪೋರ್ಟನ್ನು ಬೇರೆ ಫೋಲ್ಡರ್‌ಗೆ ಒಯ್ಯಬೇಕೆಂದರೆ ಅದಕ್ಕೆ ಅಧಿಕಾರ ಇದ್ದವರನ್ನೇ ಕೇಳಿಕೊಳ್ಳಬೇಕಿತ್ತು. ಈಗಲೂ ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಬರೆದಿಡಲು 'ಮೂವ್ಡ್' ಅನ್ನುವ ಒಂದು ಕಡತ ಇಟ್ಟುಕೊಂಡಿದ್ದಾರೆ. ಮನೆ ಖಾಲಿ ಮಾಡಿದವರು ಬಾಗಿಲಿಗೆ ಹೊಸ ವಿಳಾಸ ಅಂಟಿಸಿ ಹೋದ ಹಾಗೆ. ಇದು ಒಳ್ಳೆಯ ಪದ್ಧತಿ, ನೀವೂ ಇಟ್ಟುಕೊಳ್ಳಿ.

ತೀರಾ ಈಚೆಗೆ ಸೋತು ಒಪ್ಪಿಕೊಂಡವರು ನಿಕ್ಸ್ ಅನ್ನುವ ಇನ್ನೊಂದು ಪ್ಯಾಕೇಜ್ ಸಂಗ್ರಹದವರು. ಅಲ್ಲಿ ಅಪ್ಲಿಕೇಷನ್ಸ್, ಡೆವಲಪ್‌ಮೆಂಟ್, ಟೂಲ್ಸ್, ಗೇಮ್ಸ್ ಅಂತ ಫೋಲ್ಡರ್‌ಗಳು, ಅವುಗಳ ಒಳಗೆ ಮತ್ತೆ ಫೋಲ್ಡರ್‌ಗಳು. ಹೊಸ ಪ್ಯಾಕೇಜ್ ಎಲ್ಲಿಡಬೇಕು ಅಂತ ಕೈಪಿಡಿಯಲ್ಲಿ ಉದ್ದನೆಯ ಪ್ರಶ್ನೋತ್ತರ. ಇದು ಲೈಬ್ರರಿಯಾ? ಹೌದಾದರೆ ಇಲ್ಲಿ. ಅಲ್ಲವಾ? ಕಂಪೈಲರಾ? ಹೌದಾದರೆ ಅಲ್ಲಿ. ಸರ್ವರಾ? ಹೀಗೇ ಮುಂದುವರಿಯುತ್ತದೆ. ಅದನ್ನು ಓದಿಯೂ ಇಬ್ಬರು ಎರಡು ಕಡೆ ಇಡುತ್ತಿದ್ದರು. 2023ರಲ್ಲಿ 'ಬೈ ನೇಮ್' ಅನ್ನುವ ಒಂದೇ ಫೋಲ್ಡರ್ ಮಾಡಿ, ಹೆಸರಿನ ಮೊದಲ ಎರಡು ಅಕ್ಷರದ ಕೆಳಗೆ ಇಡುವುದು ಅಂತ ಮಾಡಿಕೊಂಡರು. 'ಹಲೋ' ಅನ್ನುವ ಪ್ಯಾಕೇಜ್ 'ಎಚ್ ಇ' ಕೆಳಗೆ. ಅಷ್ಟೇ, ಚರ್ಚೆ ಮುಗಿಯಿತು. ಡೆಬಿಯನ್ 2000ದಲ್ಲಿ ಕಂಡುಕೊಂಡದ್ದನ್ನು ಇವರು ತಮ್ಮದೇ ಏಟು ತಿಂದು ಕಂಡುಕೊಂಡರು.

ಈಗ ನನ್ನ ತಪ್ಪಿನ ವಿಷಯ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಒಳಗಿನವರ ಬಳಕೆಗೆ ಅಂತ ಸುಮಾರು 300 ಟೂಲ್‌ಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಎರಡು ವಾರ ಕೂತು ಮೂರು ಹಂತದ ಮರ ಮಾಡಿದೆ. ಎಷ್ಟು ಚಂದ ಇತ್ತು ಅಂದರೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ. ಆರು ತಿಂಗಳಾದ ಮೇಲೆ ನೋಡಿದರೆ ಮರದ ಅತಿ ದಪ್ಪನೆಯ ಕೊಂಬೆ 'ಇತರೆ'. ಹೊಸದಾಗಿ ಬಂದದ್ದನ್ನೆಲ್ಲ ಅಲ್ಲೇ ತುರುಕಿದ್ದರು. ಒಬ್ಬ ಹುಡುಗನನ್ನು ಕೇಳಿದೆ, ಯಾಕಪ್ಪಾ ಅಂತ. 'ಸರ್, ನಿಮ್ಮ ಮರದಲ್ಲಿ ನನ್ನದು ಎಲ್ಲಿ ಬರುತ್ತೆ ಅಂತ ಯೋಚನೆ ಮಾಡೋಕೆ ಅದನ್ನ ಬರೆದದ್ದಕ್ಕಿಂತ ಜಾಸ್ತಿ ಹೊತ್ತು ಬೇಕು' ಅಂದ. ಅವತ್ತೇ ಗೋಡೆಯ ಕಾಗದ ಕಿತ್ತೆ.

ಇತರೆ ಡಬ್ಬ ಎಲ್ಲರ ಅಡುಗೆಮನೆಯಲ್ಲೂ ಇರುತ್ತದೆ, ಇರಬೇಕು ಕೂಡ. ಫ್ರೀಬಿಎಸ್‌ಡಿಯ ಕೈಪಿಡಿ ಇದರ ಬಗ್ಗೆ ನೇರವಾಗಿ ಹೇಳುತ್ತದೆ: ಆದಷ್ಟೂ ಬೇರೆ ಜಾಗ ಹುಡುಕಿ, 'ಮಿಸ್ಕ್' ಒಳಗೆ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಅದಕ್ಕೆ ಸೇರಿಸುವುದು ಇಷ್ಟು. ಇತರೆ ಡಬ್ಬವನ್ನು ಬೈಯಬೇಡಿ, ಆಗಾಗ ತೆರೆದು ನೋಡಿ. ಅಲ್ಲಿ ಒಂದೇ ಜಾತಿಯ ಏಳೆಂಟು ಸೇರಿದ್ದರೆ ನಿಮಗೊಂದು ಹೊಸ ವಿಭಾಗ ಬೇಕಾಗಿದೆ ಅಂತ ಅರ್ಥ. ಡೆಬಿಯನ್ 2009ರಲ್ಲಿ ಒಮ್ಮೆಗೇ ಹಲವು ಹೊಸ ವಿಭಾಗ ಮಾಡಿದ್ದು ಹೀಗೇ. ಫಾಂಟ್ಸ್ ವಿಭಾಗ ಬಂದದ್ದು ಆಗ. ಅಲ್ಲಿಯವರೆಗೆ ನಮ್ಮ ಕನ್ನಡ ಫಾಂಟ್‌ಗಳೆಲ್ಲ ಕಿಟಕಿ, ಪರದೆ, ಮೌಸ್ ತಂತ್ರಾಂಶಗಳ ಜೊತೆ ಎಕ್ಸ್11 ಅನ್ನುವ ಗೋದಾಮಿನಲ್ಲಿದ್ದವು.

ಯಾವುದಕ್ಕೆ ಸ್ವಂತ ಕೋಣೆ ಸಿಗುತ್ತದೆ ಅನ್ನುವುದೂ ಕುತೂಹಲದ ವಿಷಯ. ಆಫೀಸ್ ತಂತ್ರಾಂಶಗಳಿಗೆ ವಿಭಾಗ ಇಲ್ಲದ ಡೆಬಿಯನ್‌ನಲ್ಲಿ ಹ್ಯಾಮ್ ರೇಡಿಯೋಗೆ, ಅಂದರೆ ಹವ್ಯಾಸಿ ರೇಡಿಯೋಗೆ, ವಿಭಾಗ ಇದೆ. ಯಾಕೆ? ಹ್ಯಾಮ್‌ಗಳು ಅಲ್ಲಿ ಇದ್ದಾರೆ, ಪ್ಯಾಕೇಜ್ ಮಾಡುತ್ತಾರೆ, ತಮ್ಮ ಕೋಣೆಯನ್ನು ಗುಡಿಸುತ್ತಾರೆ. ಫ್ರೀಬಿಎಸ್‌ಡಿಯಲ್ಲಿ ಜಪಾನಿ, ಕೊರಿಯನ್, ಹಂಗೇರಿಯನ್ ಭಾಷೆಗಳಿಗೆ ಒಂದೊಂದು ಫೋಲ್ಡರ್ ಇದೆ. ಕನ್ನಡಕ್ಕಿಲ್ಲ. ಹಂಗೇರಿಯ ಜನಸಂಖ್ಯೆ ನಮ್ಮ ಬೆಂಗಳೂರಿಗಿಂತ ಕಮ್ಮಿ, ನೆನಪಿಡಿ. ಇದನ್ನು ತಾರತಮ್ಯ ಅಂತ ನಾನು ಅನ್ನುವುದಿಲ್ಲ. ಮೊದಲು ಬಂದವರು ಕೋಣೆ ಕಟ್ಟಿಕೊಂಡರು. ಡ್ಯೂಯಿ 1876ರಲ್ಲಿ ಗ್ರಂಥಾಲಯಗಳಿಗೆ ದಶಮಾಂಶ ಪದ್ಧತಿ ಮಾಡಿದಾಗಲೂ ಹೀಗೇ ಆಯಿತು. ಧರ್ಮಕ್ಕೆ 200ರಿಂದ 299 ಕೊಟ್ಟು, ಅದರಲ್ಲಿ ಬಹುಪಾಲು ಕ್ರೈಸ್ತ ಧರ್ಮಕ್ಕೇ ಇಟ್ಟು, ಉಳಿದ ಎಲ್ಲ ಧರ್ಮಗಳನ್ನೂ 290ರ ಒಳಗೆ ಸೇರಿಸಿದರು. ಕಪಾಟು ಮಾಡಿದವರ ಮನೆಯಲ್ಲಿ ಯಾವ ಪುಸ್ತಕ ಜಾಸ್ತಿ ಇತ್ತು ಅಂತ ಕಪಾಟು ನೋಡಿದರೆ ಗೊತ್ತಾಗುತ್ತದೆ.

ಗ್ರಂಥಾಲಯದ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಮೈಸೂರು ರಸ್ತೆಯಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇದೆ, ಬಸ್ಸಿನಲ್ಲಿ ಹೋಗುವಾಗ ನೋಡಿರುತ್ತೀರಿ. ಅದರ ಭಾಗವಾಗಿ ಡಿಆರ್‌ಟಿಸಿ ಅನ್ನುವ, ಗ್ರಂಥಾಲಯ ವಿಜ್ಞಾನ ಕಲಿಸುವ ಸಂಸ್ಥೆ ಇದೆ. 1962ರಲ್ಲಿ ಬೆಂಗಳೂರಿನಲ್ಲಿ ಅದನ್ನು ಕಟ್ಟಿದವರು ಎಸ್. ಆರ್. ರಂಗನಾಥನ್. ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ಕಲಿಯಲು ಲಂಡನ್‌ಗೆ ಹೋದರು. ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಮಕ್ಕಳ ಆಟಿಕೆ ಮೆಕ್ಯಾನೋ ನೋಡಿದರು. ಅವೇ ಪಟ್ಟಿ, ಅವೇ ನಟ್ಟು, ಅವೇ ಬೋಲ್ಟು. ಜೋಡಿಸುವುದನ್ನು ಬದಲಿಸಿದರೆ ಒಮ್ಮೆ ಸೇತುವೆ, ಒಮ್ಮೆ ಕ್ರೇನು. ಪುಸ್ತಕದ ವಿಷಯವನ್ನೂ ಹೀಗೆ ಚೂರುಗಳಿಂದ ಜೋಡಿಸಬಹುದಲ್ಲ ಅಂತ ಹೊಳೆಯಿತು. 1933ರಲ್ಲಿ ಕೋಲನ್ ವರ್ಗೀಕರಣ ಹೊರಬಂತು.

ಮಲೆನಾಡಿನ ಅಡಿಕೆ ತೋಟದಲ್ಲಿ ಕೊಳೆರೋಗ ತಡೆಯುವುದರ ಬಗ್ಗೆ 70ರ ದಶಕದ ಒಂದು ಪುಸ್ತಕ ಇದೆ ಅಂದುಕೊಳ್ಳಿ. ಮರದ ಪದ್ಧತಿಯಲ್ಲಿ ಇದಕ್ಕೆ ಒಂದು ಕೊಂಬೆ ಹುಡುಕಬೇಕು. ಕೃಷಿಯಾ, ಸಸ್ಯರೋಗವಾ, ಶಿವಮೊಗ್ಗದ ಇತಿಹಾಸವಾ? ರಂಗನಾಥನ್ ಹೇಳಿದ್ದು, ಕೊಂಬೆ ಹುಡುಕಬೇಡಿ, ಐದು ಪ್ರಶ್ನೆ ಕೇಳಿ ಅಂತ. ಯಾವುದರ ಬಗ್ಗೆ, ಅದರ ಯಾವ ಅಂಶ, ಏನು ಮಾಡುವುದು, ಎಲ್ಲಿ, ಯಾವಾಗ. ಪ್ರತಿ ಪ್ರಶ್ನೆಯೂ ಆ ಪುಸ್ತಕದ ಒಂದು ಮುಖ. ಪ್ರತಿ ಮುಖಕ್ಕೂ ಒಂದು ಪುಟ್ಟ ಪಟ್ಟಿ. ಐದು ಪುಟ್ಟ ಪಟ್ಟಿಗಳು ಸೇರಿದರೆ ಲಕ್ಷಗಟ್ಟಲೆ ಜೋಡಣೆ.

ಅವರು 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಡೆಬಿಯನ್ ಹುಟ್ಟಲು ಇನ್ನೂ 21 ವರ್ಷ ಇತ್ತು. ಆದರೆ ಅವರ ಮುಖಗಳು ಡೆಬಿಯನ್‌ಗೂ ಬಂದವು. ಇಟಲಿಯ ಎನ್ರಿಕೊ ಜಿನಿ ಶುರು ಮಾಡಿದ ಡೆಬ್‌ಟ್ಯಾಗ್ಸ್ ಅನ್ನುವ ಯೋಜನೆ ಅದೇ. ಒಂದು ಪ್ಯಾಕೇಜಿನ ಪಾತ್ರ ಏನು: ಪ್ರೋಗ್ರಾಮೋ, ಲೈಬ್ರರಿಯೋ, ಬರೀ ದತ್ತಾಂಶವೋ? ಬಳಸುವುದು ಹೇಗೆ: ಕಮಾಂಡ್ ಬರೆದೋ, ಕಿಟಕಿಯಲ್ಲೋ? ಯಾವ ಕೆಲಸಕ್ಕೆ: ತಿದ್ದಲು, ನೋಡಲು, ಹುಡುಕಲು? ಯಾವುದರ ಮೇಲೆ ಕೆಲಸ ಮಾಡುತ್ತದೆ: ಪಠ್ಯ, ಚಿತ್ರ, ಪಿಡಿಎಫ್? ಈಗ ನಮ್ಮ ಮೂರು ಪಿಡಿಎಫ್ ಓದುಗಗಳನ್ನು ನೆನಪಿಸಿಕೊಳ್ಳಿ. 'ನೋಡಲು' ಮತ್ತು 'ಪಿಡಿಎಫ್' ಎರಡು ಚೀಟಿ ಕೇಳಿದರೆ ಮೂರೂ ಒಟ್ಟಿಗೆ ಬಂದು ನಿಲ್ಲುತ್ತವೆ.

ಇಷ್ಟು ಚೆನ್ನಾಗಿದ್ದರೆ ಎಲ್ಲರೂ ಅದನ್ನೇ ಯಾಕೆ ಬಳಸುತ್ತಿಲ್ಲ ಅಂತ ನೀವು ಕೇಳಬೇಕು. ಚೀಟಿ ಅಂಟಿಸುವವರು ಬೇಕಲ್ಲ. ಒಂದು ವಿಭಾಗ ಬರೆಯುವುದು ಒಂದು ಪದದ ಕೆಲಸ, ಬರೆಯದಿದ್ದರೆ ಪ್ಯಾಕೇಜ್ ಒಳಗೆ ಹೋಗುವುದೇ ಇಲ್ಲ. ಹತ್ತು ಚೀಟಿ ಅಂಟಿಸುವುದು ಇಷ್ಟ ಇದ್ದವರ ಕೆಲಸ. ಅಂಟಿಸದಿದ್ದರೂ ಪ್ಯಾಕೇಜ್ ನಡೆಯುತ್ತದೆ. ಹಾಗಾಗಿ ಅದು ಪ್ಯಾಕೇಜ್ ಮಾಡುವವರ ದಿನಚರಿಗೆ ಸೇರಲೇ ಇಲ್ಲ. ಅರ್ಧ ಚೀಟಿ ಇರುವ ಸಂಗ್ರಹ ಚೀಟಿಯೇ ಇಲ್ಲದ ಸಂಗ್ರಹಕ್ಕಿಂತ ಅಪಾಯ. ಹುಡುಕಿದವರು ಇಷ್ಟೇ ಇದೆ ಅಂದುಕೊಂಡು ಹೋಗಿಬಿಡುತ್ತಾರೆ.

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರ ಸಂಗ್ರಹ ಪೈಪಿಐಯಲ್ಲಿ ಇನ್ನೊಂದು ಬಗೆಯ ಪಾಠ ಇದೆ. ಅಲ್ಲೂ ಮುಖಗಳಿವೆ: ಯಾವ ಹಂತದಲ್ಲಿದೆ, ಯಾರಿಗಾಗಿ, ಯಾವ ಲೈಸೆನ್ಸ್, ಯಾವ ವಿಷಯ. ಪಟ್ಟಿ ಮುಚ್ಚಿದ್ದು, ಅದರಲ್ಲಿಲ್ಲದ ಚೀಟಿ ಬರೆದರೆ ಅಪ್‌ಲೋಡ್ ಆಗುವುದಿಲ್ಲ. ಚೀಟಿಗಳನ್ನು ಬರೆಯುವವರು ಲೇಖಕರೇ. ಬಹಳ ಜನ ಹಿಂದಿನ ಪ್ರಾಜೆಕ್ಟಿನಿಂದ ನಕಲು ಹೊಡೆಯುತ್ತಾರೆ. ಹಾಗಾಗಿ 'ಪೈಥಾನ್ ಮಾಡ್ಯೂಲ್' ಅನ್ನುವ ಚೀಟಿ ಎಲ್ಲೆಲ್ಲೂ ಕಾಣುತ್ತದೆ. ಪೈಥಾನ್ ಸಂಗ್ರಹದಲ್ಲಿ ಪೈಥಾನ್ ಮಾಡ್ಯೂಲ್ ಅನ್ನುವುದು ಮೀನು ಮಾರ್ಕೆಟ್‌ನಲ್ಲಿ 'ಇದು ಮೀನು' ಅಂತ ಬೋರ್ಡ್ ಹಾಕಿದ ಹಾಗೆ. ಇನ್ನೊಂದು ತಮಾಷೆ ಇದೆ. 'ಪ್ರೈವೇಟ್' ಅಂತ ಶುರುವಾಗುವ ಚೀಟಿಯನ್ನು ಪೈಪಿಐ ಯಾವತ್ತೂ ಒಪ್ಪುವುದಿಲ್ಲ. ಅದಕ್ಕೇ ಕಂಪನಿಗಳವರು ತಮ್ಮ ಒಳಗಿನ ಕೋಡಿಗೆ ಬೇಕಂತಲೇ ಆ ಚೀಟಿ ಅಂಟಿಸುತ್ತಾರೆ. ಯಾರಾದರೂ ಅಪ್ಪಿತಪ್ಪಿ ಹೊರಗೆ ಕಳಿಸಲು ಹೋದರೆ ಬಾಗಿಲಲ್ಲೇ ವಾಪಸ್. ಚೀಟಿಯನ್ನು ಬೀಗ ಮಾಡಿಕೊಂಡಿದ್ದಾರೆ!

ಇಲ್ಲಿಂದ ಕೊಬ್ಬರಿ ಎಣ್ಣೆಯ ಎರಡನೆಯ ಮುಖಕ್ಕೆ ಬರೋಣ, ತೆರಿಗೆಯ ಮುಖಕ್ಕೆ. ಕೆಲವು ವರ್ಗಗಳು ಹುಡುಕಲು ಇರುವುದಲ್ಲ, ತೀರ್ಪು ಕೊಡಲು ಇರುವಂಥವು. ಡೆಬಿಯನ್‌ನಲ್ಲಿ ಮೇನ್, ಕಾಂಟ್ರಿಬ್, ನಾನ್‌ಫ್ರೀ ಅಂತ ಮೂರು ಪ್ರದೇಶಗಳಿವೆ. ಪೂರ್ತಿ ಮುಕ್ತವಾದದ್ದು ಮೇನ್‌ನಲ್ಲಿ. ತಾನು ಮುಕ್ತ, ಆದರೆ ನಡೆಯಲು ಮುಕ್ತವಲ್ಲದ್ದನ್ನು ನೆಚ್ಚಿಕೊಂಡದ್ದು ಕಾಂಟ್ರಿಬ್‌ನಲ್ಲಿ. ಎಡಿಟರೋ ಟೆಕ್ಸ್ಟೋ ಅಂತ ತಪ್ಪಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ತಪ್ಪಾದರೆ ದೊಡ್ಡ ಗಲಾಟೆ. 2022ರಲ್ಲಿ ಇಡೀ ಯೋಜನೆಯ ಸದಸ್ಯರು ಮತ ಹಾಕಿ, ವೈಫೈ ಚಿಪ್‌ಗಳಂಥವಕ್ಕೆ ಬೇಕಾಗುವ ಮುಕ್ತವಲ್ಲದ ಫರ್ಮ್‌ವೇರನ್ನು (ಚಿಪ್ ಒಳಗೆ ನಡೆಯುವ ತಂತ್ರಾಂಶವನ್ನು) ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಕೊಡಬಹುದು ಅಂದರು. ಅದಕ್ಕೆ 2023ರ ಬುಕ್‌ವರ್ಮ್ ಅನ್ನುವ ಡೆಬಿಯನ್ ಆವೃತ್ತಿಯಲ್ಲಿ ನಾಲ್ಕನೆಯ ಪ್ರದೇಶವೇ ಬಂತು. ಆಂಡ್ರಾಯ್ಡ್‌ನ ಎಫ್‌ಡ್ರಾಯ್ಡ್ ಸಂಗ್ರಹದಲ್ಲೂ ಇಂಥದ್ದಿದೆ. ಆಪ್ ಮುಕ್ತವೇ ಇರಬಹುದು. ಆದರೆ ಜಾಹೀರಾತು ತೋರಿಸುತ್ತದಾ, ನಿಮ್ಮ ಬೆನ್ನು ಹತ್ತುತ್ತದಾ, ಮುಕ್ತವಲ್ಲದ ಸರ್ವರ್ ಬೇಕಾ ಅಂತ 'ಆಂಟಿ ಫೀಚರ್' ಚೀಟಿ ಅಂಟಿಸುತ್ತಾರೆ. ಆಟವೋ ಪಾಠವೋ ಅನ್ನುವುದಕ್ಕಿಂತ ನನಗೆ ಈ ಚೀಟಿ ಮುಖ್ಯ. ಇಂಥ ಚೀಟಿಗಳನ್ನು ಲೇಖಕರ ಕೈಗೆ ಬಿಡಬೇಡಿ. ಯಾರು ತೀರ್ಮಾನಿಸಿದರು, ಯಾಕೆ ಅಂತ ಒಂದು ಸಾಲು ಬರೆದಿಡಿ.

ಸರಿ, ಈಗ ನಿಮ್ಮ ಪಟ್ಟಿಯ ವಿಷಯ. ಡೆಬಿಯನ್‌ನಲ್ಲಿ ಕನ್ನಡಕ್ಕೆ ಏನೇನಿದೆ ಅಂತ ಹುಡುಕಿ ನೋಡಿ. ಲೋಹಿತ್ ಕನ್ನಡ ಫಾಂಟಿನ ಪ್ಯಾಕೇಜ್ ಹೆಸರಿನ ಕೊನೆಗೆ 'ಕೆ ಎನ್ ಡಿ ಎ' ಅಂತಿದೆ. ಚಿತ್ರದಲ್ಲಿರುವ ಕನ್ನಡ ಓದುವ ಟೆಸ್ಸರಾಕ್ಟ್‌ನ ದತ್ತಾಂಶದ ಕೊನೆಗೆ 'ಕೆ ಎ ಎನ್'. ಲಿಬ್ರೆಆಫೀಸ್‌ನ ಕನ್ನಡ ಅನುವಾದಕ್ಕೆ 'ಕೆ ಎನ್'. ನಮ್ಮ ಭಾಷೆಗೆ ಮೂರು ಹೆಸರು! ಮೊದಲು ನೋಡಿದಾಗ ನಾನೂ ಇದು ಬೇಜವಾಬ್ದಾರಿ ಅಂದುಕೊಂಡೆ. ಅಲ್ಲ. 'ಕೆ ಎನ್' ಮತ್ತು 'ಕೆ ಎ ಎನ್' ಭಾಷೆಯ ಸಂಕೇತಗಳು, ಒಂದು ಎರಡಕ್ಷರದ್ದು, ಇನ್ನೊಂದು ಮೂರಕ್ಷರದ್ದು. 'ಕೆ ಎನ್ ಡಿ ಎ' ಲಿಪಿಯ ಸಂಕೇತ.

ಈ ವ್ಯತ್ಯಾಸ ನಮಗೆ ಬಹಳ ಬೇಕು. ಫಾಂಟ್ ಲಿಪಿಗೆ ಸೇರಿದ್ದು, ಭಾಷೆಗಲ್ಲ. ಕನ್ನಡ ಫಾಂಟಿನಲ್ಲೇ ತುಳು ಬರೆಯುತ್ತಾರೆ, ಕೊಡವ ಬರೆಯುತ್ತಾರೆ, ಕರಾವಳಿಯಲ್ಲಿ ಕೊಂಕಣಿಯನ್ನೂ ಬರೆಯುತ್ತಾರೆ. ಪದಪರೀಕ್ಷಕ ಭಾಷೆಗೆ ಸೇರಿದ್ದು. ಕನ್ನಡದ ಪದಪರೀಕ್ಷಕಕ್ಕೆ ತುಳು ಕೊಟ್ಟರೆ ಪುಟವೆಲ್ಲ ಕೆಂಪು ಗೆರೆ. ಹಾಗಾಗಿ 'ಕನ್ನಡ' ಅನ್ನುವ ಒಂದೇ ಚೀಟಿ ನಿಮಗೆ ಸಾಲದು. ಲಿಪಿಗೊಂದು ಮುಖ, ಭಾಷೆಗೊಂದು ಮುಖ ಬೇಕು. ಆಗ ತುಳು ಗೆಳೆಯರು ಬಂದು ತಮಗೆ ಬೇಕಾದ ಫಾಂಟ್ ಹುಡುಕಬಹುದು, ಕನ್ನಡದ ಮನೆಯ ಬಾಗಿಲು ತಟ್ಟಿ ಕಾಯಬೇಕಿಲ್ಲ.

ಹೊರಗಿನ ಯಾವ ಸಂಗ್ರಹದಲ್ಲೂ ನಾನು ನೋಡದ ಇನ್ನೊಂದು ಮುಖ ನಮಗೆ ಬೇಕೇಬೇಕು. ಅದು ಎನ್‌ಕೋಡಿಂಗ್, ಅಂದರೆ ಕಂಪ್ಯೂಟರ್ ಒಳಗೆ ಒಂದೊಂದು ಅಕ್ಷರಕ್ಕೆ ಯಾವ ಸಂಖ್ಯೆ ಕೊಟ್ಟಿದೆ ಅನ್ನುವುದು. ನಿಮ್ಮ ಊರಿನ ಡಿಟಿಪಿ ಅಂಗಡಿಗೆ ಹೋಗಿ ನೋಡಿ. ನುಡಿ, ಬರಹ ಕಾಲದ ಹಳೆಯ ಫಾಂಟುಗಳಲ್ಲಿ ಇವತ್ತಿಗೂ ಮದುವೆ ಪತ್ರಿಕೆ ಆಗುತ್ತಿದೆ. ಆ ಕಡತವನ್ನು ಯೂನಿಕೋಡ್ ಫಾಂಟಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತದೆ. ನಿಮ್ಮ ಪಟ್ಟಿಗೆ ಬರುವ ಹತ್ತರಲ್ಲಿ ನಾಲ್ಕು ಜನ ಇದೇ ಸಂಕಟಕ್ಕೆ ಮದ್ದು ಹುಡುಕಿ ಬರುತ್ತಾರೆ ಅಂತ ನನ್ನ ಅಂದಾಜು. ಅವರಿಗೆ ಎಡಿಟರ್, ಯುಟಿಲಿಟಿ ಅನ್ನುವ ಪದಗಳಿಂದ ಏನೂ ಆಗಬೇಕಿಲ್ಲ. 'ಹಳೆಯ ನುಡಿ ಕಡತ ಓದುತ್ತದೆ' ಅನ್ನುವ ಚೀಟಿ ಬೇಕು. ಪರಿವರ್ತಕ ಆದರೆ ಎರಡು ಚೀಟಿ, ಏನನ್ನು ಓದುತ್ತದೆ, ಏನನ್ನು ಕೊಡುತ್ತದೆ. ಒಂದು ಚೀಟಿಯಲ್ಲಿ ಎರಡನ್ನೂ ತುರುಕಬೇಡಿ. ಯೂನಿಕೋಡ್‌ನಿಂದ ನುಡಿಗೆ ವಾಪಸ್ ಹೋಗಬೇಕಾದವರೂ ಇದ್ದಾರೆ, ಪ್ರೆಸ್‌ನವರು ಅದನ್ನೇ ಕೇಳುತ್ತಾರೆ.

ದಿನಸಿ ಅಂಗಡಿಯಲ್ಲಿ 'ಅರ್ಧ ಕೆಜಿ ತೊಗರಿಬೇಳೆ' ಅಂದರೆ ಅವರೇ ಒಳಗಿಂದ ತಂದು ಕೊಡುತ್ತಾರೆ. ಬೇಳೆ ಯಾವ ಮೂಟೆಯ ಪಕ್ಕ ಇದೆ ಅಂತ ನಿಮಗೆ ಬೇಕಿಲ್ಲ. ಹೆಸರು ಗೊತ್ತಿರುವವರಿಗೆ ವರ್ಗ ಬೇಡ. ಡೆಬಿಯನ್‌ನಲ್ಲಿ ತಂತ್ರಾಂಶ ತರಿಸುವ ಆಪ್ಟ್‌ಗೆ ಹೆಸರು ಹೇಳಿದರೆ ಇನ್‌ಸ್ಟಾಲ್ ಆಗುತ್ತದೆ. ವರ್ಗ ಬೇಕಾಗುವುದು ಹೆಸರು ಗೊತ್ತಿಲ್ಲದವರಿಗೆ. ಅವರು ಬರುವುದು ತಮ್ಮ ಕೆಲಸ ಹಿಡಿದುಕೊಂಡು. ಡೆಬಿಯನ್‌ನಲ್ಲಿ ಇದಕ್ಕೂ ಒಂದು ಏರ್ಪಾಡಿದೆ. ಇನ್‌ಸ್ಟಾಲ್ ಮಾಡುವಾಗ ಕನ್ನಡ ಅಂತ ಆರಿಸಿ, ಡೆಸ್ಕ್‌ಟಾಪ್ ಬೇಕು ಅಂದರೆ 'ಟಾಸ್ಕ್ ಕನ್ನಡ ಡೆಸ್ಕ್‌ಟಾಪ್' ಅನ್ನುವ ಪ್ಯಾಕೇಜ್ ಬರುತ್ತದೆ. ಅದರೊಳಗೆ ಸ್ವಂತದ್ದು ಏನೂ ಇಲ್ಲ. ಬೇರೆ ಬೇರೆ ವಿಭಾಗಗಳಲ್ಲಿ ಚದುರಿರುವ ಫಾಂಟು, ಅನುವಾದಗಳನ್ನು ಕೈ ಹಿಡಿದು ಕರೆತರುತ್ತದೆ. ವೈದ್ಯರಿಗೆ ಡೆಬಿಯನ್ ಮೆಡ್, ಶಾಲೆಗಳಿಗೆ ಡೆಬಿಯನ್ ಎಜು ಇರುವುದೂ ಈ ಲೆಕ್ಕದಲ್ಲೇ. ನೀವೂ 'ಶಾಲೆಯ ಲ್ಯಾಬಿಗೆ', 'ಪತ್ರಿಕೆ ಪುಟ ಕಟ್ಟುವವರಿಗೆ', 'ಹಳೆಯ ಪುಸ್ತಕ ಸ್ಕ್ಯಾನ್ ಮಾಡುವವರಿಗೆ' ಅಂತ ಮೂರ್ನಾಲ್ಕು ಬುಟ್ಟಿ ಮಾಡಿ. ಒಂದೇ ಟೂಲ್ ಮೂರು ಬುಟ್ಟಿಯಲ್ಲೂ ಇರಲಿ, ತಪ್ಪೇನಿಲ್ಲ. ಜಾಗ ಒಂದೇ ಕಡೆ, ಅದು ಹೆಸರಿನ ಅಕ್ಷರಾನುಕ್ರಮದಲ್ಲಿ.

ಕಂಪ್ಯೂಟರ್ ತಾನೇ ಹೇಳಬಲ್ಲದ್ದನ್ನು ಮನುಷ್ಯರ ಕೈಯಲ್ಲಿ ಬರೆಸಬೇಡಿ. ಯಾವ ಭಾಷೆಯಲ್ಲಿ ಕೋಡ್ ಬರೆದಿದೆ, ಯಾವ ಲೈಬ್ರರಿ ಬೇಕು, ಯಾವ ಬಗೆಯ ಕಡತ ತೆರೆಯುತ್ತದೆ, ಇದೆಲ್ಲ ಪ್ಯಾಕೇಜ್ ಒಳಗೇ ಬರೆದಿರುತ್ತದೆ. ಡೆಸ್ಕ್‌ಟಾಪ್ ಮೆನುಗೆ ಸೇರುವ ಪ್ರತಿ ಆಪ್‌ಗೂ ಒಂದು ಪುಟ್ಟ ಕಡತ ಇರುತ್ತದೆ. ಮೆನುವಿನ ಯಾವ ಗುಂಪು ಅಂತ ಅದರಲ್ಲಿ ಇರುತ್ತದೆ, ಪಿಡಿಎಫ್ ತೆರೆಯುವ ಆಪ್ ಆದರೆ ಅದನ್ನೂ ಹೇಳಿರುತ್ತದೆ. ಅದನ್ನೆಲ್ಲ ಒಂದು ಸ್ಕ್ರಿಪ್ಟ್ ಓದಿಕೊಳ್ಳಲಿ. ಮನುಷ್ಯರಿಗೆ ಉಳಿಯುವುದು ಮೂರು ನಾಲ್ಕು ಪ್ರಶ್ನೆ. ಅಷ್ಟಾದರೆ ಬರೆಯುತ್ತಾರೆ. ಹತ್ತಾದರೆ ಬರೆಯುವುದಿಲ್ಲ, ನನ್ನ ಗೋಡೆಯ ಮರ ಸಾಕ್ಷಿ.

ಮಾತು ಸಾಕು. ಹಿಂದಿನ ಮೇಜಿನ ಮೇಲೆ 40 ಚೀಟಿ ಇಟ್ಟಿದ್ದೇನೆ, ಒಂದೊಂದರ ಮೇಲೆ ಒಂದು ಕನ್ನಡದ ಟೂಲಿನ ಹೆಸರು, ಅದೇನು ಮಾಡುತ್ತದೆ ಅನ್ನುವ ಒಂದು ಸಾಲು. ನವಿಲು ಇದೆ, ಗುಬ್ಬಿ ಇದೆ, ಹಕ್ಕಿಗಳಲ್ಲ, ಫಾಂಟುಗಳು. ಮೂರು ಮೂರು ಜನ ಸೇರಿ, ಯಾವ ವರ್ಗ ಅಂತ ನಾನು ಹೇಳುವುದಿಲ್ಲ, ನಿಮಗೆ ತೋಚಿದ ಹಾಗೆ ಗುಂಪು ಮಾಡಿ, ಗುಂಪಿಗೆ ಹೆಸರಿಡಿ. ತಂತ್ರಾಂಶ ಬರೆಯುವವರು ಮೂವರೂ ಒಂದೇ ತಂಡದಲ್ಲಿ ಕೂರಬೇಡಿ, ಜೊತೆಗೆ ಒಬ್ಬ ಮೇಷ್ಟ್ರೋ ಡಿಟಿಪಿಯವರೋ ಇರಲಿ. ಜಗಳ ಆದ ಚೀಟಿಗಳನ್ನು ಬದಿಗಿಡಿ, ಬಿಸಾಡಬೇಡಿ. ಟೀ ಬರುವಷ್ಟರಲ್ಲಿ ನಾನು ಅವನ್ನೇ ನೋಡುತ್ತೇನೆ.